ಫೋನಿನ ಮೈಕ್‌ಗೆ ಹೇಳಿ ಕಾದಂಬರಿ ಬರೆಸಿದರೆ ಹೇಗಿರುತ್ತದೆ?

ಬೆರಳಿನ ಗಂಟು ನೋಯುವವರಿಗೆ ಫೋನಿನ ಕನ್ನಡ ಮೈಕ್ ನಿಜಕ್ಕೂ ಉಪಕಾರ ಮಾಡುತ್ತದೆ. ಕ್ರೈಸ್ತ ಕಥೆ, ಕಾದಂಬರಿ ಬರೆಯುವವರು ಮಾತ್ರ ಅದರ ಜೊತೆ ಸ್ವಲ್ಪ ಹುಷಾರಾಗಿರಬೇಕು. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ನಾನು ಬೆಂಡೆಕಾಯಿ, ಎಳನೀರು, ಬೈಬಲ್ಲಿನ ಯೋಬನ ಹೆಂಡತಿ ಅಂತ ಎಲ್ಲೆಲ್ಲಿಗೋ ಹೋಗುತ್ತೇನೆ.

ನಾನು ಹೇಳುತ್ತಿರುವುದು ಫೋನಿನ ಕೀಬೋರ್ಡಿನಲ್ಲಿ ಮೂಲೆಗೆ ಕಾಣುವ ಮೈಕ್ ಗುರುತಿನ ಬಗ್ಗೆ. ಅದನ್ನು ಒತ್ತಿ ಮಾತಾಡಿದರೆ ಅಕ್ಷರ ತಾನಾಗಿ ಬೀಳುತ್ತದೆ. ಯಾವ ಕಂಪನಿಯದು ಅಂತ ಹೇಳುವುದಿಲ್ಲ. ಈಗ ಹೆಚ್ಚುಕಡಿಮೆ ಎಲ್ಲ ಫೋನಿನಲ್ಲೂ ಇಂಥದ್ದೊಂದು ಇರುತ್ತದೆ. ದುಡ್ಡು ಕೊಡಬೇಕಾಗಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಆರಿಸಿಕೊಂಡರೆ ಆಯಿತು. ಹೆಚ್ಚಿನವರು ಇದನ್ನು ವಾಟ್ಸಾಪ್‌ನಲ್ಲಿ 'ಊಟ ಆಯ್ತಾ' ಅನ್ನುವುದಕ್ಕೆ ಬಳಸುತ್ತಾರೆ. ನಾನು ಒಂದು ಇಡೀ ಕಾದಂಬರಿ ಬರೆಸಿದ್ದೇನೆ.

ನಾನು ಹಾಸನದ ಒಂದು ಶಾಲೆಯಲ್ಲಿ ಕನ್ನಡ ಟೀಚರ್ ಆಗಿದ್ದವಳು. ನಮ್ಮ ಯಜಮಾನರು ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು, ಈಗ ನಿವೃತ್ತರು. ನನಗೆ ಇರುವುದು ರುಮಟಾಯ್ಡ್ ಆರ್ಥ್ರೈಟಿಸ್. ಜನ ಸುಮ್ನೆ 'ವಾತ' ಅನ್ನುತ್ತಾರೆ. ವಯಸ್ಸಾದ ಮೇಲೆ ಮಂಡಿ ಸವೆಯುವುದನ್ನೂ ಇದನ್ನೂ ಒಂದೇ ಚೀಲಕ್ಕೆ ಹಾಕುತ್ತಾರೆ. ಇದು ಬೇರೆ. ಮೈ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲುಗಳ ಒಳಪದರದ ಮೇಲೆ ತಿರುಗಿಬೀಳುತ್ತದೆ. ಬೆರಳಿನ ಬುಡ, ಮಣಿಕಟ್ಟು ಎಲ್ಲ ಊದಿಕೊಳ್ಳುತ್ತವೆ, ಅದೂ ಎರಡೂ ಕೈಯಲ್ಲಿ ಒಟ್ಟಿಗೆ. ಬೆಳಿಗ್ಗೆ ಎದ್ದರೆ ಗಂಟೆಗೂ ಜಾಸ್ತಿ ಹೊತ್ತು ಬೆರಳು ಮಡಚುವುದಿಲ್ಲ. ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಜಾಸ್ತಿ ಬರುವ ಕಾಯಿಲೆ. ಹತೋಟಿಯಲ್ಲಿ ಇಡಬಹುದು, ಪೂರ್ತಿ ವಾಸಿ ಆಗುವುದಿಲ್ಲ. ಮೆಥೋಟ್ರೆಕ್ಸೇಟ್ ಅನ್ನುವ ಮಾತ್ರೆಯನ್ನು ವಾರಕ್ಕೆ ಒಂದು ದಿನ ಮಾತ್ರ ತೆಗೆದುಕೊಳ್ಳಬೇಕು. ಮರೆತು ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು. ಹಾಗಾಗಿ ಆ ಡಬ್ಬಿ ನಮ್ಮ ಯಜಮಾನರ ಬೀರುವಿನಲ್ಲಿರುತ್ತದೆ. ಭಾನುವಾರ ರಾತ್ರಿ ಊಟ ಆದ ಮೇಲೆ ಅವರೇ ತಂದು ಕೈಗೆ ಹಾಕುತ್ತಾರೆ.

ಕಾದಂಬರಿ ಏನು ಅಂತ ಸ್ವಲ್ಪ ಹೇಳದಿದ್ದರೆ ಮೈಕ್ ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಅನ್ನುವುದು ಅರ್ಥವಾಗುವುದಿಲ್ಲ. ಸಕಲೇಶಪುರದ ಕಡೆ ಒಂದು ಕಾಫಿ ಎಸ್ಟೇಟ್. ಅಲ್ಲಿ ಆನಂದರಾಜು ರೈಟರ್. ಆಳುಗಳ ಹಾಜರಿ, ಕುಯ್ಲಿನ ಲೆಕ್ಕ ಬರೆಯುವ ಕೆಲಸ. ಅವನ ಹೆಂಡತಿ ಸುಗುಣ. ಅವನ ಎರಡೂ ಕಿಡ್ನಿ ಕೈಕೊಟ್ಟಿವೆ. ಡಯಾಲಿಸಿಸ್‌ಗೆ ಅಂತ ಇಬ್ಬರೂ ಬಸ್ಸು ಹತ್ತಿ ಸುಮಾರು 40 ಕಿಲೋಮೀಟರ್ ದೂರದ ಹಾಸನಕ್ಕೆ ಬರುತ್ತಾರೆ. ನಾಲ್ಕು ಗಂಟೆ ಮೆಷಿನ್, ಆಮೇಲೆ ವಾಪಸ್ಸು ಬಸ್ಸು. ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆ ಅನ್ನುವ ಪ್ರಾಟೆಸ್ಟಂಟ್ ಚರ್ಚಿನವರು, ದೈವಭಕ್ತರು. ಕಥೆ ಪೂರ್ತಿ ಸುಗುಣನ ಬಾಯಲ್ಲಿ ಬರುತ್ತದೆ. ನಿಮ್ಮ ಕಾಯಿಲೆ ಬಿಟ್ಟು ಗಂಡನಿಗೆ ಯಾಕೆ ಕಾಯಿಲೆ ಕೊಟ್ಟಿರಿ ಅಂತ ಕೇಳುತ್ತಾರೆ. ಕಾಯಿಲೆ ಬಿದ್ದವಳ ಮನಸ್ಸು ನನಗೆ ಚೆನ್ನಾಗಿ ಗೊತ್ತು, ಅದರಲ್ಲಿ ಹುಡುಕುವುದು ಏನೂ ಉಳಿದಿರಲಿಲ್ಲ. ಪಕ್ಕದಲ್ಲಿ ಮಲಗುವವರ ಮನಸ್ಸು ಮಾತ್ರ ಗೊತ್ತಿರಲಿಲ್ಲ.

ಮೊದಲ ಕೆಲವು ಅಧ್ಯಾಯ ನೋಟ್‌ಬುಕ್‌ನಲ್ಲಿ ಬರೆದೆ. ಪೆನ್ನು ಹಿಡಿಯುವುದೇ ಕಷ್ಟವಾಯಿತು. ಫೋನಿನಲ್ಲಿ ಒಂದೇ ಬೆರಳಿನಿಂದ ಕುಟ್ಟಿದೆ. ಒತ್ತಕ್ಷರ ಒಂದಕ್ಕೆ ಮೂರು ಸಲ ಒತ್ತಬೇಕು, ಸಂಜೆಗೆ ಹೆಬ್ಬೆರಳು ಬುಸ್ ಅಂತ ಊದುತ್ತಿತ್ತು. ಪಕ್ಕದ ಬೀದಿಯ ಪಿಯುಸಿ ಹುಡುಗಿ ಒಬ್ಬಳನ್ನು ಕೂರಿಸಿಕೊಂಡು ಹೇಳಿ ಬರೆಸಿದೆ. ಒಳ್ಳೆ ಹುಡುಗಿ, ಅಕ್ಷರವೂ ದುಂಡಗೆ. ಆದರೆ ಗಂಡ ಹೆಂಡತಿ ಒಂದು ಕೋಣೆಯಲ್ಲಿ ಆಡುವ ಮಾತನ್ನು ಹದಿನೇಳು ವರ್ಷದವಳ ಮುಂದೆ ಹೇಳುವುದು ನನ್ನಿಂದ ಆಗಲಿಲ್ಲ. ಮೈಕ್‌ಗೆ ಮುಜುಗರ ಇಲ್ಲ. ಅದು ಮುಖ ನೋಡುವುದಿಲ್ಲ. ಅಲ್ಲಿಂದ ಮುಂದೆ ಅದೇ ಗತಿ ಆಯಿತು.

ವೇಗದ ಬಗ್ಗೆ ದೂರು ಇಲ್ಲ. ಕೈಯಲ್ಲಿ ವಾರ ಹಿಡಿಯುವ ಅಧ್ಯಾಯ ಒಂದೆರಡು ಬೆಳಗಿನಲ್ಲಿ ಮುಗಿಯುತ್ತದೆ. ನನಗೆ ಆಶ್ಚರ್ಯ ತಂದಿದ್ದು ಅದು ಆಸ್ಪತ್ರೆ ಮಾತನ್ನು ಹಿಡಿಯುವ ರೀತಿ. ಡಯಾಲಿಸಿಸ್, ಕ್ರಿಯಾಟಿನಿನ್, ಪೊಟ್ಯಾಸಿಯಂ, ಬಿಪಿ, ಎಲ್ಲ ತಪ್ಪಿಲ್ಲದೆ ಬಂದವು. ಒಂದು 'ಫಿಸ್ಟುಲಾ' ಮಾತ್ರ ಅದಕ್ಕೆ ಕೇಳಿಸಲೇ ಇಲ್ಲ. ಡಯಾಲಿಸಿಸ್‌ನ ಸೂಜಿ ಚುಚ್ಚಲು ಮುಂಗೈಯಲ್ಲಿ ಶುದ್ಧ ರಕ್ತನಾಳವನ್ನೂ ಅಶುದ್ಧ ರಕ್ತನಾಳವನ್ನೂ ಸೇರಿಸಿ ಮಾಡುವ ಜೋಡಣೆ ಅದು. 'ಡಾಕ್ಟರು ಅವನ ಎಡಗೈಗೆ ಪಿಸ್ತೂಲು ಇಟ್ಟರು' ಅಂತ ಬರೆದಿತ್ತು. ನಮ್ಮ ಯಜಮಾನರು ಓದಿ, 'ಕಥೆ ಈಗ ರಂಗೇರ್ತಿದೆ' ಅಂದರು.

ಚುಕ್ಕಿ, ಕಾಮಾ ದೊಡ್ಡ ತಲೆನೋವು. ನನ್ನ ಫೋನಿನಲ್ಲಿ ಕನ್ನಡಕ್ಕೆ ಅದು ತಾನಾಗಿ ಚಿಹ್ನೆ ಹಾಕುವುದಿಲ್ಲ. 'ಪೂರ್ಣವಿರಾಮ' ಅಂದರೆ ಪೂರ್ಣವಿರಾಮ ಅಂತಲೇ ಅಕ್ಷರದಲ್ಲಿ ಬರೆಯುತ್ತದೆ. ಪುಟಗಟ್ಟಲೆ ಒಂದೇ ವಾಕ್ಯ. ಕೊನೆಗೆ ಒಂದು ಉಪಾಯ ಮಾಡಿದೆ. ಕಥೆಯಲ್ಲಿ ಎಲ್ಲೂ ಬಾರದ ಒಂದು ಶಬ್ದವನ್ನು ಚುಕ್ಕಿಯ ಬದಲು ಹೇಳುವುದು, ಆಮೇಲೆ ಕಂಪ್ಯೂಟರಿನಲ್ಲಿ ಅದನ್ನು ಹುಡುಕಿ ಒಂದೇ ಏಟಿಗೆ ಚುಕ್ಕಿ ಮಾಡುವುದು. ನಾನು ಆರಿಸಿದ್ದು 'ಬೆಂಡೆಕಾಯಿ'. ಸ್ಪಷ್ಟವಾದ ಶಬ್ದ, ಮೈಕ್ ಒಂದು ಸಲವೂ ತಪ್ಪು ಕೇಳಿಸಿಕೊಳ್ಳಲಿಲ್ಲ. ಪ್ರಶ್ನಾರ್ಥಕಕ್ಕೆ 'ಹೀರೇಕಾಯಿ'. ಸುಗುಣ ಬೆಂಡೆಕಾಯಿ ಪಲ್ಯ ಮಾಡುವ ಒಂದು ದೃಶ್ಯ ಇತ್ತು, ಅದನ್ನು ತೊಂಡೆಕಾಯಿ ಮಾಡಬೇಕಾಯಿತು. ಅಷ್ಟು ಬಿಟ್ಟರೆ ಈ ಉಪಾಯ ಪಕ್ಕಾ. ಯಾರಾದರೂ ಮೈಕ್‌ನಲ್ಲಿ ಉದ್ದದ್ದು ಬರೆಸುವುದಿದ್ದರೆ ಮೊದಲ ದಿನವೇ ಇದನ್ನು ಶುರು ಮಾಡಿ. ಕೇಳುವವರಿಗೆ ಮಾತ್ರ ವಿಚಿತ್ರ. 'ಸುಗುಣ ಗೋಡೆ ಕಡೆ ತಿರುಗಿ ಅತ್ತಳು ಬೆಂಡೆಕಾಯಿ ನನ್ನ ಮೇಲೆ ಸಿಟ್ಟಾ ಅಂತ ಅವನು ಕೇಳಿದ ಹೀರೇಕಾಯಿ.'

ಇನ್ನೊಂದು ತೊಂದರೆ ಅದರ ಅವಸರ. ನಾನು ಯೋಚನೆ ಮಾಡಲು ನಿಲ್ಲಿಸಿದರೆ ಸಾಕು, ಮೈಕ್ ಮುಚ್ಚಿಕೊಳ್ಳುತ್ತದೆ. ಮತ್ತೆ ಒತ್ತಬೇಕು. ಒತ್ತಲು ಬೆರಳು ಬೇಕಲ್ವಾ? ಫೋನನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಬೆರಳಿನ ಗೆಣ್ಣಿನಿಂದ ಒತ್ತುವುದನ್ನು ರೂಢಿಸಿಕೊಂಡೆ. ಮೈಕ್ ಇರುವ ವೈರಿನ ಇಯರ್‌ಫೋನ್ ಹಾಕಿಕೊಂಡರೆ ತಪ್ಪು ಎಷ್ಟೋ ಕಡಿಮೆ. ಇನ್ನೂರು ರೂಪಾಯಿ ಒಳಗಿನದ್ದೇ ಸಾಕು. ಕುಕ್ಕರ್ ಕೂಗುವಾಗ, ಶೀಟಿನ ಮೇಲೆ ಮಳೆ ಬೀಳುವಾಗ ಏನು ಮಾಡಿದರೂ ಪ್ರಯೋಜನ ಇಲ್ಲ.

ಚರ್ಚಿನ ಮಾತುಗಳಲ್ಲಿ ಮೈಕ್ ಬಹಳ ಎಡವುತ್ತದೆ. 'ಸ್ತೋತ್ರ' ಸೂತ್ರವಾಗುತ್ತದೆ, 'ಲೂಕನು' ಲೋಕವಾಗುತ್ತಾನೆ. ದಿನಪತ್ರಿಕೆ, ಸಿನಿಮಾ, ಕ್ರಿಕೆಟ್ಟಿನ ಕನ್ನಡ ಅದಕ್ಕೆ ಚೆನ್ನಾಗಿ ಗೊತ್ತು, ನಮ್ಮ ಬೈಬಲ್ಲಿನ ಕನ್ನಡ ಅದರ ಕಿವಿಗೆ ಅಷ್ಟಾಗಿ ಬಿದ್ದಿಲ್ಲ ಅಂತ ನನ್ನ ಊಹೆ. ಇದು ತಿದ್ದಿಕೊಳ್ಳಬಹುದಾದ ತಪ್ಪು. ನಾನು ಹುಷಾರು ಅಂದಿದ್ದು ಇದಕ್ಕಲ್ಲ.

ಅಸಲು ವಿಷಯ ಇಲ್ಲಿದೆ. ಬಾಯಲ್ಲಿ ಹೇಳಿ ಬರೆಸಿದರೆ ಉಪದೇಶ ತೀರಾ ಸುಲಭವಾಗಿ ಬರುತ್ತದೆ. ನಾವು ಸಭೆಯಲ್ಲಿ ಬೆಳೆದವರು. ಚಿಕ್ಕಂದಿನಿಂದ ಪ್ರಸಂಗ ಕೇಳಿದ್ದೇವೆ, ಪ್ರಾರ್ಥನಾ ಕೂಟದಲ್ಲಿ ಕಣ್ಣು ಮುಚ್ಚಿ ಹತ್ತು ನಿಮಿಷ ತಡವರಿಸದೆ ಪ್ರಾರ್ಥಿಸಿದ್ದೇವೆ. ಬಾಯಿ ತೆರೆದರೆ ಆ ಧಾಟಿ ತಾನಾಗಿ ಹರಿಯುತ್ತದೆ. ಕೈಯಲ್ಲಿ ಬರೆಯುವಾಗ ಒಂದೊಂದು ಅಕ್ಷರಕ್ಕೂ ನೋವಿನ ಬೆಲೆ ಇತ್ತು, ಹಾಗಾಗಿ ಬೇಡದ್ದನ್ನು ಬರೆಯುತ್ತಿರಲಿಲ್ಲ. ಮೈಕ್‌ನಲ್ಲಿ ಬೆಲೆ ಇಲ್ಲ. ಆನಂದರಾಜು ಮೊದಲ ಸಲ ಡಯಾಲಿಸಿಸ್ ಹಾಸಿಗೆ ಮೇಲೆ ಮಲಗಿದಾಗ ಮಾಡುವ ಪ್ರಾರ್ಥನೆ ನನ್ನ ಬಾಯಲ್ಲಿ ಎರಡು ಪುಟ ಬಂತು. ಹೇಳುವಾಗ ನನಗೇ ಗಂಟಲು ಕಟ್ಟಿತ್ತು. ಮಾರನೇ ದಿನ ಓದಿದರೆ ನಮ್ಮ ಅಯ್ಯನವರು, ಅಂದರೆ ಚರ್ಚಿನ ಪಾದ್ರಿ, ಕ್ರಿಸ್‌ಮಸ್ ದಿನ ಮಾತಾಡಿದ ಹಾಗಿತ್ತು. ನಾಲ್ಕು ಗಂಟೆ ರಕ್ತ ಮೆಷಿನ್ ಒಳಗೆ ಹೋಗಿ ಬರುತ್ತಿರುವಾಗ, ಕಾಲಿನ ಸ್ನಾಯು ಹಿಡಿದುಕೊಂಡು ಒದ್ದಾಡುವವನು ಅಷ್ಟು ಅಚ್ಚುಕಟ್ಟಾಗಿ ದೇವರ ಜೊತೆ ಮಾತಾಡುತ್ತಾನಾ?

ಕಿಡ್ನಿ ನಿಂತವರಿಗೆ ನೀರು ಅಳತೆಯಲ್ಲಿ. ಕುಡಿದ ನೀರು ಹೊರಗೆ ಹೋಗುವ ದಾರಿ ಇಲ್ಲ, ಮೈಯಲ್ಲೇ ನಿಲ್ಲುತ್ತದೆ, ಶ್ವಾಸಕೋಶಕ್ಕೂ ಬರುತ್ತದೆ. ಪ್ರತಿ ಸಲ ಮೆಷಿನ್‌ಗೆ ಮುಂಚೆ, ಆಮೇಲೆ ತೂಕ ನೋಡುವುದು ಅದಕ್ಕೇ. ಕಾಫಿ ತೋಟದ ನಡುವೆ ಇರುವವನಿಗೆ ಕಾಫಿಯೂ ಲೆಕ್ಕದ ಲೋಟ. ಇದನ್ನೆಲ್ಲ ನೆನೆದು ಆ ಎರಡು ಪುಟ ಹೊಡೆದುಹಾಕಿದೆ. ಈಗ ಅವನ ಪ್ರಾರ್ಥನೆ ಎರಡೇ ಮಾತು: 'ಕರ್ತನೇ, ಬಾಯಾರಿಕೆ.' ಶಿಲುಬೆಯ ಮೇಲೆ ಯೇಸು ಆಡಿದ ಮಾತು ಗೊತ್ತಿದ್ದವರಿಗೆ ಗೊತ್ತಾಗುತ್ತದೆ. ಗೊತ್ತಿಲ್ಲದವರಿಗೂ ಅವನಿಗೆ ನೀರಡಿಸಿದ್ದು ತಿಳಿಯುತ್ತದೆ.

ಮೈಕ್ ಇನ್ನೊಂದು ಕಡೆಗೂ ಎಳೆಯುತ್ತದೆ, ಅದು ಸಾಕ್ಷಿಯ ಕಡೆಗೆ. ಸಾಕ್ಷಿ ಅಂದರೆ ಸಭೆಯಲ್ಲಿ ಎದ್ದು ನಿಂತು ದೇವರು ನನಗೆ ಹೀಗೆ ಮಾಡಿದರು ಅಂತ ಹೇಳುವುದು. ಅದಕ್ಕೊಂದು ದಾರಿ ಇದೆ: ಕಾಯಿಲೆ ಬಂತು, ಡಾಕ್ಟರು ಕೈಬಿಟ್ಟರು, ಪ್ರಾರ್ಥಿಸಿದೆವು, ವಾಸಿ ಆಯಿತು. ನಾನು ಬಾಯಲ್ಲಿ ಹೇಳುತ್ತಾ ಹೋದ ಹಾಗೆ ಆನಂದರಾಜುವೂ ಆ ದಾರಿ ಹಿಡಿದು ಹೊರಟಿದ್ದ. ಕೆಲವು ಅಧ್ಯಾಯ ಕೇಳಿದ ನಮ್ಮ ಸಭೆಯ ಹಿರಿಯರೊಬ್ಬರೂ ಮೊದಲು ಕೇಳಿದ್ದು ಅದನ್ನೇ: 'ಕೊನೆಗೆ ವಾಸಿ ಆಗುತ್ತೇನಮ್ಮಾ?' ಆಗುವುದಿಲ್ಲ. ಸುಗುಣ ತನ್ನ ಕಿಡ್ನಿ ಕೊಡಲು ಸಿದ್ಧ. 1994ರ ಅಂಗಾಂಗ ಕಸಿ ಕಾನೂನಿನಲ್ಲಿ ಗಂಡ ಹೆಂಡತಿಯೂ ಹತ್ತಿರದ ಸಂಬಂಧಿಗಳೇ. ಆದರೆ ಅವಳಿಗೆ ಸಕ್ಕರೆ ಕಾಯಿಲೆ, ಡಾಕ್ಟರು ಬೇಡ ಅನ್ನುತ್ತಾರೆ. ಹಿರಿಯರಿಗೆ ಇದು ಹಿಡಿಸಲಿಲ್ಲ. ನಂಬಿಕೆ ಕಡಿಮೆ ಆಯಿತೇನೋ ಅಂತ ಮುಖ ಮಾಡಿದರು.

ನನಗೆ ಹಾಗನಿಸುವುದಿಲ್ಲ. ಮಾರ್ಕನ ಸುವಾರ್ತೆಯಲ್ಲಿ ರಕ್ತಸ್ರಾವದ ಹೆಂಗಸಿಗೆ 12 ವರ್ಷದ ಕಾಯಿಲೆ. ಇದ್ದಬದ್ದದ್ದನ್ನೆಲ್ಲ ವೈದ್ಯರಿಗೆ ಸುರಿದಿದ್ದಳು. ಯೋಹಾನನಲ್ಲಿ ಬೇತ್ಸಥಾ ಕೊಳದ ಹತ್ತಿರ ಮಲಗಿದ್ದವನಿಗೆ 38 ವರ್ಷ. ವಾಸಿಯಾದ ಗಳಿಗೆ ಅಲ್ಲಿ ಬರೆದಿದೆ. ಆ 12 ವರ್ಷ, 38 ವರ್ಷ ಬರೀ ಒಂದು ಸಂಖ್ಯೆಯಾಗಿ ಹೋಗಿದೆ. ಆ ವರ್ಷಗಳಲ್ಲಿ ಅವಳಿಗೆ ಗಂಡ ಇದ್ದನಾ, ಇದ್ದರೆ ಏನು ಮಾಡುತ್ತಿದ್ದ, ಯಾರು ನೀರು ಕಾಯಿಸಿ ಕೊಡುತ್ತಿದ್ದರು? ಕಾದಂಬರಿಗೆ ಜಾಗ ಇರುವುದು ಅಲ್ಲಿ. ಅಪೊಸ್ತಲ ಪೌಲನು ತನ್ನ ಶರೀರದಲ್ಲಿ ನಾಟಿದ ಶೂಲಕ್ಕಾಗಿ ಮೂರು ಸಲ ಬೇಡಿಕೊಂಡ, ಅದು ಹೋಗಲಿಲ್ಲ, ಕೃಪೆ ಸಾಕು ಅನ್ನುವ ಉತ್ತರ ಸಿಕ್ಕಿತು. ಬೈಬಲ್ಲಿನ ಯೋಬ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡವನು. ಅವನ ಹೆಂಡತಿಗಂತೂ ಅವನ ಹೆಸರಿನ ಇಡೀ ಪುಸ್ತಕದಲ್ಲಿ ಒಂದೇ ಸಲ ಬಾಯಿ ತೆರೆಯಲು ಬಿಟ್ಟಿದ್ದಾರೆ, ದೇವರನ್ನು ದೂಷಿಸಿ ಸಾಯಿ ಅಂತ. ಅಷ್ಟಕ್ಕೇ ಅವಳಿಗೆ ಕೆಟ್ಟ ಹೆಸರು. ಮಕ್ಕಳು ಸತ್ತಿದ್ದು ಅವಳಿಗೂ ಅಲ್ವಾ? ಗಂಡ ಬೂದಿಯಲ್ಲಿ ಕೂತು ಹುಣ್ಣು ಕೆರೆದುಕೊಳ್ಳುವಾಗ ಪಕ್ಕದಲ್ಲಿ ಇದ್ದವಳು ಅವಳೇ. ನನ್ನ ಸುಗುಣನೂ ಒಂದು ಸಲ ಹಾಗೆ ಮಾತಾಡುತ್ತಾಳೆ. ಅದನ್ನು ತೆಗೆಯಿರಿ ಅಂದವರಿದ್ದಾರೆ. ತೆಗೆಯುವುದಿಲ್ಲ.

ಇಷ್ಟು ಬೈದ ಮೇಲೆ ಮೈಕ್ ಚೆನ್ನಾಗಿ ಮಾಡಿಕೊಟ್ಟಿದ್ದನ್ನೂ ಹೇಳಬೇಕು. ಸಂಭಾಷಣೆ. ಗಂಡ ಹೆಂಡತಿ ಜಗಳ ಪೆನ್ನಿನಲ್ಲಿ ಬರೆದರೆ ಇಬ್ಬರೂ ಪೂರ್ತಿ ವಾಕ್ಯದಲ್ಲಿ ಜಗಳ ಆಡುತ್ತಾರೆ. ಬಾಯಲ್ಲಿ ಹೇಳಿದರೆ ಒಬ್ಬರ ಮಾತು ಮುಗಿಯುವ ಮುಂಚೆ ಇನ್ನೊಬ್ಬರು ಶುರು. ಹಾಸಿಗೆಯ ದೃಶ್ಯ ಒಂದಿದೆ. ಫಿಸ್ಟುಲಾ ಇರುವ ಕೈ ಮೇಲೆ ಭಾರ ಬೀಳಬಾರದು, ಆ ಕೈಯಲ್ಲಿ ಬಿಪಿ ನೋಡಬಾರದು, ಬಿಗಿ ಬಳೆ ವಾಚು ಹಾಕಬಾರದು, ಅದರ ಮೇಲೆ ಮಲಗಬಾರದು. ಅದು ಎಡಗೈ. ಮದುವೆಯಾದಾಗಿನಿಂದ ಸುಗುಣ ಮಲಗುವುದು ಅವನ ಎಡಕ್ಕೆ. ಈಗ ಬಲಕ್ಕೆ ಬರಬೇಕು. ಆ ಕೈ ಮುಟ್ಟಿದರೆ ಒಳಗೆ ಗುಂಯ್ ಅಂತ ರಕ್ತ ಹರಿಯುವುದು ಬೆರಳಿಗೆ ತಿಳಿಯುತ್ತದೆ. ಅದು ನಡೆಯುತ್ತಿದೆಯಾ ಅಂತ ದಿನಾ ಮುಟ್ಟಿ ನೋಡಬೇಕು ಅಂತ ಆಸ್ಪತ್ರೆಯಲ್ಲಿ ಹೇಳಿರುತ್ತಾರೆ. ಜಾಗ ಬದಲಾಯಿಸುವ ಬಗ್ಗೆ ಇಬ್ಬರಿಗೂ ಆಗುವ ಪುಟ್ಟ ಜಗಳ ನಾನು ಒಂದೇ ಉಸಿರಿನಲ್ಲಿ ಹೇಳಿದ್ದು, ಬೆಂಡೆಕಾಯಿ ತೆಗೆದಿದ್ದು ಬಿಟ್ಟರೆ ಒಂದಕ್ಷರ ತಿದ್ದಲಿಲ್ಲ. ಅಡುಗೆಮನೆಯ ದೃಶ್ಯವೂ ಹಾಗೆಯೇ. ಆಲೂಗಡ್ಡೆಯಲ್ಲಿ ಪೊಟ್ಯಾಸಿಯಂ ಜಾಸ್ತಿ, ಕಿಡ್ನಿ ಕೆಟ್ಟವರ ಹೃದಯಕ್ಕೆ ಅದು ಅಪಾಯ. ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ತುಂಬಾ ನೀರಿನಲ್ಲಿ ಬೇಯಿಸಿ ಆ ನೀರು ಚೆಲ್ಲಬೇಕು, ಆಮೇಲೂ ಸ್ವಲ್ಪವೇ ತಿನ್ನಬೇಕು. ಆಲೂಗಡ್ಡೆ ಬೆಳೆಯುವ ಹಾಸನ ಜಿಲ್ಲೆಯಲ್ಲಿ, ಆಲೂಗಡ್ಡೆ ಬೆಳೆಯುವ ಮನೆಯಿಂದಲೇ ಬಂದ ಸುಗುಣ ಆ ನೀರನ್ನು ಬಚ್ಚಲಿಗೆ ಸುರಿಯುತ್ತಾ ಗೊಣಗುವುದು ನನಗೆ ಇಡೀ ಪುಸ್ತಕದಲ್ಲಿ ಇಷ್ಟವಾದ ಪುಟ.

ಈಗ ಮೈಕ್‌ನ ದೊಡ್ಡ ದೋಷಕ್ಕೆ ಬರುತ್ತೇನೆ. ಗುಟ್ಟು ಉಳಿಯುವುದಿಲ್ಲ. ನಮ್ಮದು ಗೋಡೆಗೆ ಗೋಡೆ ತಾಗಿದ ಮನೆಗಳ ಬೀದಿ. ನಾನು ಬೆಳಗಿನ ಬಿಸಿಲಿಗೆ ಹಿಂದಿನ ಜಗಲಿಯಲ್ಲಿ ಕೂತು, 'ಅವರಿಗೆ ಎರಡು ಕಿಡ್ನಿನೂ ಹೋಗಿದೆ, ನಾನು ಯಾರಿಗೂ ಹೇಳಿಲ್ಲ, ಹೇಗೆ ಹೇಳಲಿ' ಅಂತ ಸುಗುಣನ ಬಾಯಲ್ಲಿ ಮೈಕ್‌ಗೆ ಹೇಳುತ್ತಿದ್ದರೆ ಪಕ್ಕದ ಮನೆಗೆ ಕೇಳಿಸುವುದು ಟೀಚರ್ ದನಿ. ಒಂದು ಸಂಜೆ ಪಕ್ಕದ ಮನೆಯವರು ಕಣ್ಣು ಒರೆಸಿಕೊಳ್ಳುತ್ತಾ ಬಂದರು. ಕೈಯಲ್ಲಿ ಎರಡು ಎಳನೀರು.

'ಟೀಚರ್, ಸಾರ್‌ಗೆ ಹೀಗಾಗಿದೆ ಅಂತ ನಮಗೆ ಒಂದು ಮಾತು ಹೇಳಬಾರದಿತ್ತಾ? ನಿಮ್ಮ ಕಷ್ಟವೇ ನಿಮಗೆ ಸಾಕಾಗಿತ್ತು.'

ಎಳನೀರಿನಲ್ಲೂ ಪೊಟ್ಯಾಸಿಯಂ ತುಂಬಾ ಇರುತ್ತದೆ, ಡಯಾಲಿಸಿಸ್‌ನವರು ಮುಟ್ಟಬಾರದು ಅಂತ ನನ್ನ ಬಾಯಿಗೆ ಬಂತು. ಅಷ್ಟರಲ್ಲಿ ಯಜಮಾನರು ಹೊರಗೆ ಬಂದು ಎರಡನ್ನೂ ಇಸಿದುಕೊಂಡರು. ಒಂದನ್ನು ಅಲ್ಲೇ ಕೊಚ್ಚಿ ಕುಡಿದರು. ನಾನು ಕಾದಂಬರಿ ಅಂತ ವಿವರಿಸಿದೆ. ಆಕೆ ನಂಬಿದ ಹಾಗೆ ತಲೆ ಆಡಿಸಿ ಹೋದರು. ನಂಬಿರಲಿಲ್ಲ.

ಭಾನುವಾರ ಚರ್ಚಿನಲ್ಲಿ ಅಯ್ಯನವರು ರೋಗಿಗಳಿಗಾಗಿ ಪ್ರಾರ್ಥಿಸುವಾಗ ನಮ್ಮ ಯಜಮಾನರ ಹೆಸರು ಹಿಡಿದು, ಅವರ ಕಿಡ್ನಿಗಳ ಮೇಲೆ ಕರ್ತರು ಕೈ ಇಡಲಿ ಅಂದರು. ನಾನು ಕಣ್ಣು ಬಿಟ್ಟು ಪಕ್ಕಕ್ಕೆ ನೋಡಿದೆ. ಇವರು ತಲೆ ಬಗ್ಗಿಸಿ ಕೂತಿದ್ದಾರೆ. ಎಲ್ಲರಿಗಿಂತ ಜೋರಾಗಿ 'ಆಮೆನ್' ಅಂದರು. ಆರಾಧನೆ ಮುಗಿದು ಹೊರಗೆ ಬಂದರೆ ಗಂಡಸರು ಒಬ್ಬೊಬ್ಬರಾಗಿ ಬಂದು ಕೈ ಹಿಡಿದುಕೊಂಡು, 'ಹೇಗಿದೀರಿ? ಧೈರ್ಯವಾಗಿರಿ' ಅಂತ. ಇವರು 'ಏನೋ ನಡೀತಿದೆ' ಅನ್ನುತ್ತಿದ್ದಾರೆ!

'ರೀ, ಹೇಳಿಬಿಡಿ ಅವರಿಗೆ' ಅಂತ ತೋಳು ಜಗ್ಗಿದೆ.

'ಇರ್ಲಿ ಬಿಡೇ. ಮುಂದಿನ ವಾರ ಹೇಳಿದ್ರಾಯ್ತು.'

ಮನೆಗೆ ಬರುವ ಆಟೋದಲ್ಲಿ ನಾನು ಬೈದೆ. ಅವರು ಹೊರಗೆ ನೋಡುತ್ತಾ ಹೇಳಿದರು: 'ಇಷ್ಟು ವರ್ಷ ಎಲ್ಲರೂ ನನ್ನ ಹತ್ರ ಬಂದು ಟೀಚರ್ ಹೇಗಿದಾರೆ ಅಂತ ಕೇಳ್ತಿದ್ರು. ನೀವು ಹೇಗಿದೀರಿ ಅಂದಿದ್ದು ಇವತ್ತೇ.'

ಆಮೇಲೆ ಒಬ್ಬೊಬ್ಬರಿಗೂ ವಿಷಯ ತಿಳಿಸಿ ಸರಿಮಾಡಿದೆವು. ಕೆಲವರು ನಕ್ಕರು, ಒಬ್ಬರಿಗೆ ಇನ್ನೂ ಸಿಟ್ಟಿದೆ. ಆದರೆ ನನ್ನ ಕಾದಂಬರಿಯಲ್ಲಿ ಒಂದು ಅಧ್ಯಾಯ ಪೂರ್ತಿ ಬದಲಾಯಿತು. ಮೊದಲು ಸುಗುಣ ಕೂಡ ಎಲ್ಲ ಒಳ್ಳೆಯ ಹೆಂಡತಿಯರ ಹಾಗೆ ಅವನಿಗಾಗಿ ಅಳುತ್ತಿದ್ದಳು, ಅವನಿಗಾಗಿ ಪ್ರಾರ್ಥಿಸುತ್ತಿದ್ದಳು. ಈಗ ಒಂದು ರಾತ್ರಿ ವಾಪಸ್ಸು ಹೋಗುವ ಬಸ್ಸಿನಲ್ಲಿ ಗಂಡ ಅವಳ ಹೆಗಲ ಮೇಲೆ ನಿದ್ದೆ ಹೋಗಿರುತ್ತಾನೆ. ಪ್ರತಿ ಸಲ ನೋಡುವ ಕಂಡಕ್ಟರ್ ಟಿಕೆಟ್ ಕೊಟ್ಟು, 'ನಿಮಗೆ ಊಟ ಆಯ್ತೇನಮ್ಮಾ?' ಅಂತ ಕೇಳುತ್ತಾನೆ. ಬಾಳ್ಳುಪೇಟೆ ಬರುವವರೆಗೂ ಅವಳಿಗೆ ಉತ್ತರ ಕೊಡಲು ಆಗುವುದಿಲ್ಲ. ಅವಳಿಗೆ ಸಿಟ್ಟೂ ಇದೆ ಅಂತ ನನಗೆ ಗೊತ್ತಾಗಿದ್ದು ಆ ಬಸ್ಸಿನಲ್ಲೇ. ಕಾಯಿಲೆಯವನ ಮೇಲೆ ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ, ದೇವರ ಮೇಲೆ ಮಾಡಿಕೊಳ್ಳುವ ಹಾಗಿಲ್ಲ, ಉಳಿದಿರುವುದು ಆಲೂಗಡ್ಡೆ ನೀರು ಒಂದೇ. ಬರೆಯುವ ಮೊದಲು ನಮ್ಮ ಯಜಮಾನರನ್ನೂ ಕೇಳಿದೆ, ನಿಮಗೆ ನನ್ನ ಮೇಲೆ ಸಿಟ್ಟು ಬರುತ್ತಾ ಅಂತ. 'ಬಾಟಲಿ ಮುಚ್ಚಳ ತೆಗೆಯೋಕೆ ಹಲ್ಲಲ್ಲಿ ಕಚ್ತೀಯಲ್ಲ, ಕೂಗಿ ಕರೆಯೋದು ಬಿಟ್ಟು, ಆಗ ಬರುತ್ತೆ' ಅಂದರು. ಅದೂ ಪುಸ್ತಕಕ್ಕೆ ಹೋಯಿತು, ಗಂಡ ಹೆಂಡತಿ ಅದಲುಬದಲಾಗಿ.

ಗುಟ್ಟಿನ ವಿಷಯದಲ್ಲಿ ಇನ್ನೊಂದು ಮಾತು. ಇಂಥ ಸೌಲಭ್ಯಗಳಲ್ಲಿ ಹಲವು ನಮ್ಮ ದನಿಯನ್ನು ಇಂಟರ್‌ನೆಟ್ ಮೂಲಕ ಕಂಪನಿಯ ಕಂಪ್ಯೂಟರಿಗೆ ಕಳಿಸಿ ಅಲ್ಲಿ ಅಕ್ಷರ ಮಾಡಿಸುತ್ತವೆ. ಕೆಲವು ಫೋನಿನಲ್ಲಿ ಭಾಷೆಯನ್ನು ಇಳಿಸಿಕೊಂಡು ಒಳಗೇ ಮಾಡಿಸಬಹುದು. ನಿಮ್ಮದೇ ಕಾಯಿಲೆ, ನಿಮ್ಮದೇ ಸಂಸಾರದ ಮಾತು ಬರೆಸುವವರು ಸೆಟ್ಟಿಂಗ್ಸ್ ಒಮ್ಮೆ ನೋಡಿಕೊಳ್ಳಿ. ನನ್ನದು ಕಟ್ಟುಕಥೆ, ಪಕ್ಕದ ಮನೆಗೇ ಕೇಳಿಸಿದ ಮೇಲೆ ಕಂಪನಿಗೆ ಕೇಳಿಸಿದರೆ ಏನು ಅಂತ ಬಿಟ್ಟಿದ್ದೇನೆ.

ಕೊನೆಯ ಹಂತದ ಕಿರಿಕಿರಿ ಡಿಟಿಪಿ ಅಂಗಡಿಯಲ್ಲಿ. ಮೈಕ್ ಬರೆಯುವುದು ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಫೋನು, ಕಂಪ್ಯೂಟರಿಗೂ ಹೊಂದುವ ಅಕ್ಷರ ಸಂಕೇತದಲ್ಲಿ. ಪುಸ್ತಕ ಜೋಡಿಸುವ ಎಷ್ಟೋ ಅಂಗಡಿಗಳಲ್ಲಿ ಇನ್ನೂ ಪೇಜ್‌ಮೇಕರ್ ಅನ್ನುವ ಪುಟ ಜೋಡಿಸುವ ಹಳೆಯ ತಂತ್ರಾಂಶ, ಅದಕ್ಕೆ ನುಡಿ ಅನ್ನುವ ಬೇರೆ ಸಂಕೇತದ ಅಕ್ಷರ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಅರ್ಕಾವತ್ತು ಅಲ್ಲಲ್ಲಿ ಕಳಚಿಕೊಂಡಿತು. ಬೇರೆ ಕಾದಂಬರಿಗೆ ಇದು ದೊಡ್ಡ ಸಮಸ್ಯೆ ಆಗದಿರಬಹುದು. ನಮ್ಮದರಲ್ಲಿ ನೋಡಿ: ಕರ್ತನು, ಪ್ರಾರ್ಥನೆ, ಸುವಾರ್ತೆ, ಕೀರ್ತನೆ, ಚರ್ಚ್. ಅರ್ಕಾವತ್ತು ಇಲ್ಲದೆ ಒಂದು ಪುಟ ಹೋಗುವುದಿಲ್ಲ! ಕ್ರೈಸ್ತ ಪುಸ್ತಕ ಮಾಡಿಸುವವರು ಯೂನಿಕೋಡ್‌ನಲ್ಲೇ ಪುಟ ಜೋಡಿಸಿಕೊಡುವ ಅಂಗಡಿ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಅಂಗಡಿಯ ಹುಡುಗ ಪಾಪ ತಾಳ್ಮೆಯವನು. ಮುಖಪುಟಕ್ಕೆ ಶೆಟ್ಟಿಹಳ್ಳಿ ಚರ್ಚಿನ ಫೋಟೊ ಹಾಕೋಣ ಅಂತ ತೋರಿಸಿದ. ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಮೇಲೇಳುವ ಹಳೆಯ ಚರ್ಚು, ಚೆನ್ನಾಗೇ ಇತ್ತು. ಬೇಡ ಅಂದೆ. ಮದುವೆ ಫೋಟೊ ತೆಗೆಸಲು ಎಲ್ಲರೂ ಹೋಗುವ ಜಾಗ ಅದು. ನನ್ನ ಕಥೆ ಶುರುವಾಗುವುದು ಮದುವೆ ಫೋಟೊಗೆ ಧೂಳು ಹಿಡಿದ ಮೇಲೆ. ಈಗ ಮುಖಪುಟದಲ್ಲಿ ಒಂದು ಕೆಎಸ್‌ಆರ್‌ಟಿಸಿ ಕೆಂಪು ಬಸ್ಸು, ಯಜಮಾನರ ಒತ್ತಾಯದ ಮೇಲೆ.

ಪ್ರೂಫ್ ತಿದ್ದಲು ಮೈಕ್ ಕೆಲಸಕ್ಕೆ ಬರುವುದಿಲ್ಲ. ಕೆಂಪು ಪೆನ್ನು ಯಜಮಾನರ ಕೈಯಲ್ಲಿದೆ. ಅರ್ಕಾವತ್ತು ಹಾಕುತ್ತಾ ಹೋಗುವವರು ನಡುನಡುವೆ ಆನಂದರಾಜುವಿನ ಮಾತಿಗೂ ಗೀಟು ಹಾಕಿ, 'ಗಂಡಸು ಹೀಗೆ ಹೇಳಲ್ಲ' ಅಂತ ಅಂಚಿನಲ್ಲಿ ಬರೆಯುತ್ತಿದ್ದಾರೆ. ಅರ್ಧ ಒಪ್ಪಿದ್ದೇನೆ, ಅರ್ಧಕ್ಕೆ ಜಗಳ ನಡೆದಿದೆ. ಮುಂದಿನ ಪುಸ್ತಕಕ್ಕೆ, ನಾನು ಯೋಚಿಸುವವರೆಗೆ ಸುಮ್ಮನೆ ಕಾಯುವ, ಕನ್ನಡದಲ್ಲಿ ಚುಕ್ಕಿ ಅಂದರೆ ಚುಕ್ಕಿ ಹಾಕುವ ಮೈಕ್ ಯಾವುದಾದರೂ ಇದ್ದರೆ ಬಲ್ಲವರು ತಿಳಿಸಿ. ಬೆಳಿಗ್ಗೆ ಹತ್ತರ ಒಳಗೆ ಮಾತ್ರ ಫೋನ್ ಮಾಡಬೇಡಿ, ಎತ್ತಲು ಬೆರಳು ಬಗ್ಗುವುದಿಲ್ಲ.